ಚೂಸ್ ಎ ಲೈಸೆನ್ಸ್: ಬೇರೆಯವರ ಕೋಡ್ ಬಳಸುವವರು ನೋಡಲೇಬೇಕಾದ ತಾಣ

ತುಮಕೂರಿನಲ್ಲಿ ನನ್ನದು ಸಣ್ಣ ಸಾಫ್ಟ್‌ವೇರ್ ಕಚೇರಿ. ಅಡಿಕೆ, ಕೊಬ್ಬರಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು, ಅವರ ಕಂಪ್ಯೂಟರ್‌ಗೆ ಹಾಕಿಕೊಡುತ್ತೇವೆ. ಗಿರಾಕಿಗಳಲ್ಲಿ ತಿಪಟೂರಿನವರೇ ಜಾಸ್ತಿ. ತೂಕ, ಕಮಿಷನ್, ಹಮಾಲಿ, ಚೀಲದ ಲೆಕ್ಕ ನಾವು ಬರೆದದ್ದು. ಡೇಟಾಬೇಸ್, ಪರದೆಯ ವಿನ್ಯಾಸ, ಪಿಡಿಎಫ್, ಕನ್ನಡ ಫಾಂಟ್ ಎಲ್ಲಾ ಬೇರೆಯವರು ಓಪನ್ ಸೋರ್ಸ್ ಆಗಿ, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬಳಸುವಂತೆ ಕೊಟ್ಟದ್ದು. ಕೊಟ್ಟವರು ಒಂದಿಷ್ಟು ಷರತ್ತುಗಳನ್ನೂ ಇಟ್ಟಿರುತ್ತಾರೆ. ಅವುಗಳ ಪತ್ರವೇ ಲೈಸೆನ್ಸ್. ಆ ಷರತ್ತುಗಳನ್ನು ತಿಳಿದುಕೊಳ್ಳಲು ನಾನು ಬಳಸುವುದು, ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನವರ ಚೂಸ್ ಎ ಲೈಸೆನ್ಸ್ ತಾಣ. ಅದು ಹೇಗಿದೆ ಎಂದು ಹೇಳುತ್ತೇನೆ.

ಮೊದಲ ಪುಟದಲ್ಲಿ ಮೂರು ಆಯ್ಕೆಗಳಿವೆ. ಈಗಾಗಲೇ ಇರುವ ಸಮುದಾಯದ ಜೊತೆ ಕೆಲಸ ಮಾಡುವವರಿಗೆ ಒಂದು. ಸರಳವಾಗಿರಲಿ ಎನ್ನುವವರಿಗೆ ಎಂಐಟಿ ಎಂಬ ಲೈಸೆನ್ಸ್. ಸುಧಾರಣೆಗಳು ಎಲ್ಲರಿಗೂ ಸಿಗಲಿ ಎನ್ನುವವರಿಗೆ ಜಿಪಿಎಲ್ 3, ಅಂದರೆ ಜಿಪಿಎಲ್ ಲೈಸೆನ್ಸ್‌ನ 3ನೇ ಆವೃತ್ತಿ. ಇದು ಸ್ವಂತ ಕೋಡ್ ಹೊರಗೆ ಬಿಡುವವರಿಗೆ. ನಮ್ಮಂಥವರಿಗೆ ಬೇಕಾದದ್ದು ಒಳಗಿನ ಪುಟಗಳಲ್ಲಿದೆ.

ಪ್ರತಿ ಲೈಸೆನ್ಸ್‌ಗೂ ಒಂದೊಂದು ಪುಟ. ಪೂರ್ತಿ ಪಠ್ಯದ ಜೊತೆಗೆ ಮೂರು ಪಟ್ಟಿ. ಹಸಿರು ಚುಕ್ಕೆ ಇರುವುದು ನೀವು ಮಾಡಬಹುದಾದದ್ದು, ನೀಲಿ ಇರುವುದು ನೀವು ಪಾಲಿಸಬೇಕಾದದ್ದು, ಕೆಂಪು ಇರುವುದು ಕೋಡ್ ಬರೆದವರು ಹೊಣೆ ಹೊರದೇ ಇರುವುದು ಮುಂತಾದ ಮಿತಿಗಳು. ನನ್ನ ಸಲಹೆ ಕೇಳಿದರೆ ನೀಲಿಯನ್ನು ಮೊದಲು ಓದಿ. ಎಂಐಟಿಯಲ್ಲಿ ನೀಲಿ ಒಂದೇ ಒಂದು: ಕಾಪಿರೈಟ್ ಸಾಲನ್ನೂ ಲೈಸೆನ್ಸ್ ಪಠ್ಯವನ್ನೂ ಜೊತೆಗಿಡಬೇಕು. ಎಷ್ಟೋ ಜನ ಎಂಐಟಿ ಅಂದರೆ ಸುಮ್ನೆ ತಗೊಂಡು ಹೋಗಬಹುದು ಅಂದುಕೊಂಡಿದ್ದಾರೆ. ಹಾಗಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲಿ ‘ಲೈಸೆನ್ಸ್‌ಗಳು’ ಅಂತಲೇ ಒಂದು ಪರದೆ ಇದೆ. ನಾವು ಬಳಸಿದ ಬೂಟ್‌ಸ್ಟ್ರಾಪ್, ಜೆಕ್ವೆರಿ ಎಂಬ ಎಂಐಟಿ ಕೋಡ್‌ಗಳನ್ನು ಬರೆದವರ ಕಾಪಿರೈಟ್ ಸಾಲುಗಳು ಅಲ್ಲಿವೆ. ಅಪಾಚೆ 2 ಎಂಬ ಇನ್ನೊಂದು ಲೈಸೆನ್ಸ್‌ನಲ್ಲಿ, ಬದಲಾಯಿಸಿದ ಫೈಲ್‌ಗಳಲ್ಲಿ ಬದಲಾಯಿಸಿದ್ದೇವೆ ಎಂದು ಬರೆಯುವ ಷರತ್ತೂ ಸೇರುತ್ತದೆ.

ಜಿಪಿಎಲ್ ಪುಟದಲ್ಲಿ ನೀಲಿ ನಾಲ್ಕು: ಸೋರ್ಸ್ (ಪ್ರೋಗ್ರಾಂನ ಮೂಲ ಕೋಡ್) ಕೊಡಬೇಕು, ಕಾಪಿರೈಟ್ ಮತ್ತು ಲೈಸೆನ್ಸ್ ನೋಟಿಸ್ ಇಡಬೇಕು, ಅದೇ ಲೈಸೆನ್ಸ್‌ನಲ್ಲೇ ಕೊಡಬೇಕು, ಬದಲಾವಣೆ ತಿಳಿಸಬೇಕು. ತಾಣದ ದೊಡ್ಡ ಕೊರತೆ ನನಗೆ ಕಂಡದ್ದು ಇಲ್ಲೇ. ಈ ಕರ್ತವ್ಯಗಳು ಯಾವಾಗ ಶುರುವಾಗುತ್ತವೆ ಎಂಬುದೇ ಎಲ್ಲಕ್ಕಿಂತ ಮುಖ್ಯ, ಅಲ್ವಾ? ಅದು ಒಂದು ಸಾಲಿನ ವಿವರಣೆಯಲ್ಲಿ ಮುಗಿದುಹೋಗುತ್ತದೆ. ಜಿಪಿಎಲ್ ಕೋಡನ್ನು ನನ್ನ ಕಚೇರಿಯೊಳಗೆ ಎಷ್ಟು ತಿದ್ದಿ ಬಳಸಿದರೂ ಯಾರಿಗೂ ಸೋರ್ಸ್ ಕೊಡಬೇಕಿಲ್ಲ. ಅದನ್ನು ಮಂಡಿಯವರ ಕಂಪ್ಯೂಟರ್‌ಗೆ ಹಾಕಿಕೊಟ್ಟ ಕ್ಷಣ ಅದು ವಿತರಣೆ. ಆಗ ಕೊಡಬೇಕು. ಹಾಗಂತ ಊರಿಗೆಲ್ಲಾ ಕೊಡಬೇಕು ಅಂತಿಲ್ಲ. ಸಾಫ್ಟ್‌ವೇರ್ ಜೊತೆಯಲ್ಲೇ ಆ ಗಿರಾಕಿಗೆ ಸೋರ್ಸ್ ಕೊಟ್ಟರೆ ಸಾಕು. ಆದರೆ ಅವರು ಅದನ್ನು ಬೇರೆಯವರಿಗೆ ಹಂಚಿದರೆ ತಡೆಯುವ ಹಾಗಿಲ್ಲ.

ಜಿಪಿಎಲ್ ಜಾತಿಯದ್ದೇ ಆದ ಎಜಿಪಿಎಲ್ ಎಂಬ ಲೈಸೆನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಕೋಡನ್ನು ತಿದ್ದಿ ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಂಡು ಜನ ಇಂಟರ್ನೆಟ್ ಮೂಲಕ ಬಳಸಿದರೂ ಅವರಿಗೆ ಸೋರ್ಸ್ ಸಿಗುವಂತಿರಬೇಕು. ಈ ಪುಟ ನಮಗೆ ನಿಜಕ್ಕೂ ಕೆಲಸಕ್ಕೆ ಬಂತು. ಬಿಲ್ಲನ್ನು ಪಿಡಿಎಫ್ ಮಾಡಲು ಐಟೆಕ್ಸ್ಟ್ ಎಂಬ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಹಾಕೋಣ ಎಂದು ನಮ್ಮ ಹುಡುಗ ಹೇಳಿದ. ಒಳ್ಳೆಯ ಲೈಬ್ರರಿ. ಆದರೆ 2009ರಲ್ಲಿ ಬಂದ 5ನೇ ಆವೃತ್ತಿಯಿಂದ ಅದು ಎಜಿಪಿಎಲ್. ನಮ್ಮ ಸೋರ್ಸ್ ಮುಚ್ಚಿಟ್ಟು ಮಾರಬೇಕೆಂದರೆ ದುಡ್ಡು ಕೊಟ್ಟು ಅವರ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಅದು ನ್ಯಾಯವೇ. ನಾವು ಓಪನ್‌ಪಿಡಿಎಫ್ ಹಾಕಿದೆವು. ಅದೇ ಲೈಬ್ರರಿಯ ಹಳೆಯ ಆವೃತ್ತಿಯಿಂದ ಕವಲೊಡೆದದ್ದು, ಎಲ್‌ಜಿಪಿಎಲ್ ಅಥವಾ ಎಂಪಿಎಲ್ ಎಂಬ, ಇದಕ್ಕಿಂತ ಸಡಿಲವಾದ ಲೈಸೆನ್ಸ್‌ಗಳಲ್ಲಿ ಸಿಗುತ್ತದೆ. ಕೆಲಸ ಶುರುವಾಗುವ ಮೊದಲೇ ಇದು ಗೊತ್ತಾದದ್ದರಿಂದ ಒಂದು ಸಾಲು ಕೋಡನ್ನೂ ಮತ್ತೆ ಬರೆಯಬೇಕಾಗಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಲೈಸೆನ್ಸ್ ಇಲ್ಲದ ಕೋಡ್ ಬಗ್ಗೆ ಇರುವ ಪುಟ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಮಾತ್ರಕ್ಕೆ ಅದು ಎಲ್ಲರದ್ದಲ್ಲ. ನೋಡಬಹುದು, ಗಿಟ್‌ಹಬ್‌ನೊಳಗೆ ಫೋರ್ಕ್ ಮಾಡಬಹುದು (ಅಂದರೆ ನಮ್ಮ ಖಾತೆಗೆ ಒಂದು ಪ್ರತಿ ಮಾಡಿಕೊಳ್ಳಬಹುದು), ಅಷ್ಟೇ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರವೂ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ, ಹಾಗಾಗಿ ಅದಕ್ಕೂ ಕಾಪಿರೈಟ್ ಇದೆ. ಇಂಟರ್ನ್‌ಶಿಪ್‌ಗೆ ಬರುವ ಇಂಜಿನಿಯರಿಂಗ್ ಮಕ್ಕಳಿಗೆ ನಾನು ಮೊದಲು ಓದಿಸುವುದು ಈ ಪುಟವನ್ನೇ.

ತಾಣದವರು ಫಾಂಟ್‌ಗಳನ್ನೂ ಬಿಟ್ಟಿಲ್ಲ. ನಮ್ಮ ಬಿಲ್ಲು ಅಚ್ಚಾಗುವುದು ನೋಟೋ ಸಾನ್ಸ್ ಕನ್ನಡದಲ್ಲಿ. ಅದರ ಲೈಸೆನ್ಸ್, ಫಾಂಟ್‌ಗಳಿಗೆಂದೇ ಇರುವ ಓಎಫ್‌ಎಲ್ 1.1. ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ. ಲೈಸೆನ್ಸ್ ಫೈಲ್ ಜೊತೆಗಿರಬೇಕು.

ಒಬ್ಬ ಕೊಬ್ಬರಿ ವ್ಯಾಪಾರಿ ಆ ಲೈಸೆನ್ಸ್ ಪರದೆ ನೋಡಿ ಕೇಳಿದರು: “ಇಷ್ಟೆಲ್ಲಾ ಪುಕ್ಕಟೆ ಸಿಗೋದಾದ್ರೆ ನಮ್ಮತ್ರ ದುಡ್ಡು ಯಾಕಮ್ಮಾ ಇಸ್ಕೊಳ್ತೀಯ?” ಕೇಳಬೇಕಾದ ಪ್ರಶ್ನೆಯೇ. “ನಿಮ್ಮ ಲೆಕ್ಕ ಕೂಡಿಸೋ ಭಾಗ ನಾವು ಬರೆದಿದ್ದು ಯಜಮಾನ್ರೇ, ಕೆಟ್ಟರೆ ಬರೋದೂ ನಾವೇ. ಅದಕ್ಕೆ ದುಡ್ಡು” ಅಂದೆ. ಜಿಪಿಎಲ್ ಕೂಡ ಹಣ ತಗೊಳ್ಳಬೇಡ ಅನ್ನುವುದಿಲ್ಲ. ತಾಣದ ಹಸಿರು ಪಟ್ಟಿಯಲ್ಲಿ ವಾಣಿಜ್ಯ ಬಳಕೆ ಎಂದು ಮೊದಲಿಗೇ ಇದೆ. ಅದನ್ನು ಅವರಿಗೆ ತೋರಿಸಿದೆ.

ಇನ್ನೊಂದು ಕೊರತೆ: ಎರಡು ಲೈಸೆನ್ಸ್‌ಗಳ ಕೋಡ್ ಒಂದೇ ಸಾಫ್ಟ್‌ವೇರ್‌ನಲ್ಲಿ ಸೇರಬಹುದೇ ಎಂದು ನೋಡಲು ಇಲ್ಲಿ ಪಟ್ಟಿ ಇಲ್ಲ. ಉದಾಹರಣೆಗೆ, ಅಪಾಚೆ 2 ಕೋಡನ್ನು ಜಿಪಿಎಲ್ 3ರ ಜೊತೆ ಸೇರಿಸಬಹುದು, ಬರೀ ಜಿಪಿಎಲ್ 2 ಇರುವುದರ ಜೊತೆ ಆಗದು ಎನ್ನುತ್ತದೆ ಜಿಪಿಎಲ್ ಬರೆದ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್. ಇಂಥದ್ದಕ್ಕೆ ಅವರ ತಾಣದ ಲೈಸೆನ್ಸ್ ಪಟ್ಟಿಯನ್ನೇ ನೋಡಬೇಕು. ದೊಡ್ಡ ಒಪ್ಪಂದ ಇದ್ದರೆ ವಕೀಲರನ್ನು ಕೇಳಿ. ಇದು ಕಾನೂನು ಸಲಹೆ ಅಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕನ್ನಡದಲ್ಲಿ ಇದ್ದಿದ್ದರೆ ಐದೂ ಕೊಡುತ್ತಿದ್ದೆ. ತಾಣದ ಬರಹ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಶನ್ 3.0 ಎಂಬ ಲೈಸೆನ್ಸ್‌ನಲ್ಲಿ ಇರುವುದರಿಂದ, ಮೂಲದವರ ಹೆಸರು ಹಾಕಿ ಯಾರು ಬೇಕಾದರೂ ಅನುವಾದಿಸಬಹುದು. ನೀಲಿ ಚುಕ್ಕೆಯ ವಿವರಣೆಗಳನ್ನು ನಾನು ಕನ್ನಡಕ್ಕೆ ತಂದು, ಕೆಳಗೆ ಮೂಲದ ವಿಳಾಸ, ಲೈಸೆನ್ಸ್, ಅನುವಾದಿಸಿದ್ದೇವೆ ಎಂಬ ಮಾತು ಬರೆದು ಕಚೇರಿಯ ಗೋಡೆಗೆ ಅಂಟಿಸಿದ್ದೇನೆ. ಬೇಕಾದವರು ಬಂದು ಫೋಟೊ ತೆಗೆದುಕೊಂಡು ಹೋಗಬಹುದು. ಕೆಳಗಿನ ಸಾಲುಗಳೂ ಫೋಟೊದಲ್ಲಿ ಬರಲಿ.