5 1/4ರಲ್ಲಿ 2 2/3 ಕಳೆಯಲು ನಾಲ್ಕು ದಾರಿ

ಮಗಳಿಗೆ ಲೆಕ್ಕ ಹೇಳಿಕೊಡಲು ಕೂತು ನಾನೇ ತಪ್ಪು ಮಾಡಿದೆ. 5 1/4ರಲ್ಲಿ 2 2/3 ಕಳೆಯಬೇಕಿತ್ತು. ನನಗೆ 2 5/12 ಬಂತು, ಅವಳಿಗೆ 2 7/12. ಅವಳದ್ದೇ ಸರಿ. ಅವಳು ಮಲಗಿದ ಮೇಲೆ ಅದೇ ಪುಟದ ಲೆಕ್ಕಗಳನ್ನೆಲ್ಲ ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದೆ.

ಅವಳು ಹಿಡಿದದ್ದು ವಿಷಮ ಭಿನ್ನರಾಶಿಯ ದಾರಿ. 5 1/4 ಅಂದರೆ 21/4, 2 2/3 ಅಂದರೆ 8/3. ಛೇದಗಳ ಲ.ಸಾ.ಅ. 12. ಹಾಗಾಗಿ 63/12ರಲ್ಲಿ 32/12 ಕಳೆದರೆ 31/12, ಅಂದರೆ 2 7/12. ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ, ಕೈ ಓಡಿದರೆ ಸಾಕು. ಆದರೆ 23 5/12ರಲ್ಲಿ 18 7/8 ಕಳೆಯಿರಿ ನೋಡೋಣ. 281/12, 151/8, ಆಮೇಲೆ 562/24, 453/24. ಕೊನೆಗೆ 109/24 ಅನ್ನು ಮತ್ತೆ 24ರಿಂದ ಭಾಗಿಸಿ 4 13/24. ಇಷ್ಟು ಚಿಕ್ಕ ಉತ್ತರಕ್ಕೆ ಅಷ್ಟು ದೊಡ್ಡ ಗುಣಾಕಾರ ಯಾಕೆ ಅನ್ನಿಸಿತು.

ನನ್ನದು ಪೂರ್ಣಾಂಕ ಬೇರೆ, ಭಿನ್ನರಾಶಿ ಬೇರೆ ಕಳೆಯುವ ಹಳೆಯ ರೂಢಿ. 5 3/12ರಲ್ಲಿ 2 8/12. ಮೂರರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ 5ರಿಂದ 1 ಕಡ ತರಬೇಕು. ನಾನು ಎಡವಿದ್ದು ಇಲ್ಲೇ. ಕಡ ಅಂದ ಕೂಡಲೇ ಕೈ ತಾನಾಗಿ ಹತ್ತು ಸೇರಿಸಿ 13/12 ಬರೆಯಿತು. ಇಲ್ಲಿ ಒಂದು ಅಂದರೆ ಹತ್ತಲ್ಲ, 12/12. ಸೇರಿಸಿದರೆ 15/12 ಆಗಬೇಕು. ಆಗ 4 15/12ರಲ್ಲಿ 2 8/12 ಹೋಗಿ 2 7/12 ಉಳಿಯುತ್ತದೆ. ಕಡ ಬೇಡದ ಲೆಕ್ಕದಲ್ಲಿ ಮಾತ್ರ ಈ ರೂಢಿಗೆ ಸಾಟಿಯಿಲ್ಲ. 7 5/6ರಲ್ಲಿ 3 1/4 ಅಂದರೆ 7ರಲ್ಲಿ 3 ಹೋಗಿ 4, 10/12ರಲ್ಲಿ 3/12 ಹೋಗಿ 7/12. ಒಂದೇ ಸಾಲು!

ಇನ್ನೊಂದು ದಾರಿ ನನಗೆ ಯಾರೂ ಕಲಿಸಿರಲಿಲ್ಲ. ಎರಡೂ ಸಂಖ್ಯೆಗಳಿಗೆ ಒಂದೇ ಮೊತ್ತ ಸೇರಿಸಿದರೆ ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ, ಅಲ್ವಾ? 2 2/3ಕ್ಕೆ 1/3 ಸೇರಿಸಿದರೆ ಸರಿಯಾಗಿ 3. ಅದೇ 1/3 ಅನ್ನು 5 1/4ಕ್ಕೂ ಸೇರಿಸಿದರೆ 5 7/12. ಅದರಲ್ಲಿ 3 ಕಳೆಯಲು ಪೆನ್ಸಿಲ್ ಬೇಕಾ? ಲ.ಸಾ.ಅ. ಇದರಲ್ಲೂ ತಪ್ಪುವುದಿಲ್ಲ, ನಿಜ. ಆದರೆ ಭಿನ್ನರಾಶಿ ಕಳೆಯುವ ಜಾಗದಲ್ಲಿ ಕೂಡುವುದು ಬರುತ್ತದೆ, ಕಡದ ಗೋಜು ಇಲ್ಲ. ಆ ದೊಡ್ಡ ಲೆಕ್ಕವೂ ಹೀಗೆ ಕರಗಿತು: ಎರಡಕ್ಕೂ 1/8 ಸೇರಿಸಿದೆ, 23 13/24ರಲ್ಲಿ 19 ಹೋಗಿ 4 13/24. ಮೊದಲ ಭಿನ್ನರಾಶಿಯೇ ದೊಡ್ಡದಿದ್ದಾಗ ಇದು ಸುಮ್ನೆ ಸುತ್ತು ದಾರಿ.

ದಶಮಾಂಶದಲ್ಲೂ ಮಾಡಿ ನೋಡಿದೆ. 5.25ರಲ್ಲಿ 2.67 ಹೋದರೆ 2.58. ಹತ್ತಿರದ ಉತ್ತರ, ಆದರೆ ಅದರಿಂದ 7/12 ಹೊರಡಿಸುವುದು ಹೇಗೆ? ಛೇದದಲ್ಲಿ 3 ಬಂದರೆ ದಶಮಾಂಶ ಮುಗಿಯುವುದೇ ಇಲ್ಲ. ಅಲ್ಲಿಗೇ ಬಿಟ್ಟೆ.

ಈಗ ನಾನು ಮೊದಲು ಭಿನ್ನರಾಶಿಗಳನ್ನಷ್ಟೇ ನೋಡುತ್ತೇನೆ. ಕಡ ಬೇಡವೆಂದರೆ ನನ್ನ ಹಳೆಯ ರೂಢಿ, ಬೇಕೆಂದರೆ ಎರಡೂ ಕಡೆ ಸೇರಿಸುವುದು. ಮಗಳಿಗೆ ಇನ್ನೂ ವಿಷಮ ಭಿನ್ನರಾಶಿಯೇ ಇಷ್ಟ. ಅವಳ ಗುಣಾಕಾರ ಗಟ್ಟಿ, ನಾನು ಬದಲಾಯಿಸಲು ಹೋಗಿಲ್ಲ. ನನ್ನ ಉತ್ತರವನ್ನು ಅವಳ ದಾರಿಯಲ್ಲೇ ತಾಳೆ ನೋಡುತ್ತೇನೆ, ಅವಳು ನೋಡದಿರುವಾಗ.