ಮಾಲಿಕ್ಯೂಲ್ ಮಾಡೆಲ್ ಕಿಟ್: ಹೈಡ್ರೋಜನ್ ಸಾಲಲ್ಲ, ಆದ್ರೂ ತಗೋಬಹುದು

ಗುಂಡು, ಕಡ್ಡಿ ಜೋಡಿಸಿ ಅಣುಗಳ ಮಾದರಿ ಮಾಡೋ ಕಿಟ್ ಇದು. ಮಗಳಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ (ಕಾರ್ಬನ್ ಅಣುಗಳ ಪಾಠ) ಶುರುವಾಯ್ತು ಅಂತ ತರಿಸಿದ್ದು, ಈಗ ಅವಳಿಗಿಂತ ನಾನೇ ಜಾಸ್ತಿ ಆಡ್ತಿದೀನಿ. ಡಬ್ಬದಲ್ಲಿ 12 ಕಪ್ಪು ಕಾರ್ಬನ್, 20 ಬಿಳಿ ಹೈಡ್ರೋಜನ್, ಒಂದಷ್ಟು ಕೆಂಪು ನೀಲಿ ಗುಂಡು, ಕಡ್ಡಿಗಳು. ಮೊದಲ ತಕರಾರು ಇಲ್ಲೇ. ಕಾರ್ಬನ್ ಗುಂಡುಗಳನ್ನ ಒಂದೊಂದೇ ಕಡ್ಡಿಯಿಂದ ಚೈನ್ ಥರ ಜೋಡಿಸಿದ್ರೆ, ಕಾರ್ಬನ್ ಎಷ್ಟಿದ್ಯೋ ಅದರ ಡಬಲ್, ಮೇಲೆ ಇನ್ನೆರಡು ಹೈಡ್ರೋಜನ್ ಬೇಕು, 12ಕ್ಕೆ 26 ಆಯ್ತಲ್ಲ, ಕೊಟ್ಟಿರೋದು 20. ಹಾಗಾಗಿ 9 ಕಾರ್ಬನ್‌ನ ನೊನೇನ್‌ಗೇ ನಮ್ಮ ಚೈನ್ ನಿಂತೋಯ್ತು, ಮಿಕ್ಕ ಮೂರು ಕಾರ್ಬನ್ ಡಬ್ಬದಲ್ಲಿ ಸುಮ್ನೆ ಕೂತಿವೆ.

ಆದ್ರೆ ಆ 9ರ ತನಕ ಹೋಗೋದೇ ಮಜಾ. ಒಂದೇ ಕಾರ್ಬನ್ ಇರೋ ಮೀಥೇನ್ ಮಾಡಿಟ್ರೆ ಮುಕ್ಕಾಲಿ ಥರ ನಿಲ್ಲುತ್ತೆ, ಹೇಗೆ ಹೊರಳಿಸಿದ್ರೂ ಅದೇ ಆಕಾರ. 2 ಕಾರ್ಬನ್ ಇರೋ ಈಥೇನ್, 3 ಇರೋ ಪ್ರೊಪೇನ್ ಕೂಡ ಅಷ್ಟೇನೂ ತಲೆ ತಿನ್ನಲ್ಲ. ಬ್ಯೂಟೇನ್‌ನಿಂದ ಶುರು ನೋಡಿ, ಅದರಲ್ಲಿ 4 ಕಾರ್ಬನ್, ನಡುವಿನ ಬಾಂಡ್ (ಎರಡು ಕಾರ್ಬನ್ ಸೇರಿಸೋ ಕಡ್ಡಿ) ತಿರುಗಿಸಿದ್ರೆ ಒಮ್ಮೆ ಉದ್ದಕ್ಕೆ ಅಂಕುಡೊಂಕಾಗಿ ಚಾಚ್ಕೊಳತ್ತೆ, ಇನ್ನೊಮ್ಮೆ ಬಾಲ ಮಡಚ್ಕೊಳತ್ತೆ, ಆ ಮಡಚೋದೂ ಎಡಕ್ಕೊಂದು ಬಲಕ್ಕೊಂದು, ಒಟ್ಟು ಮೂರು ಭಂಗಿ. ನೊನೇನ್‌ನಲ್ಲಿ ಹೀಗೆ ತಿರುಗೋ ಬಾಂಡ್ 6, ಒಂದೊಂದಕ್ಕೂ ಮೂರು ಅಂತ ಆರು ಸಲ ಗುಣಿಸಿದ್ರೆ ಲೆಕ್ಕಕ್ಕೆ 729 ಭಂಗಿ (ಕೆಲವು ತಮಗೆ ತಾವೇ ಡಿಕ್ಕಿ ಹೊಡ್ಕೊಂಡು ಆಗಲ್ಲ, ಕೆಲವು ಹಿಂದುಮುಂದು ಮಾಡಿದ್ರೆ ಒಂದೇ). ಬುಕ್‌ಲೆಟ್‌ನಲ್ಲಿ ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ಬರೆದಿದಾರೆ. ಕಾರ್ಬನ್ ಗುಂಡಿನ ಕಡ್ಡಿಗಳ ನಡುವೆ 109.5 ಡಿಗ್ರಿ ಕೋನ ಬರೋ ಹಾಗೆ ತೂತು ಕೊರೆದಿರೋದೂ ಇವರೇ, ಚಿತ್ರ ಬರೆದೋರು ಕಿಟ್ ಕೈಲಿ ಹಿಡಿದೇ ಇಲ್ಲ ಅನ್ಸುತ್ತೆ.

ನನಗೆ ತುಂಬ ಇಷ್ಟ ಆಗಿದ್ದು ಪೆಂಟೇನ್. 5 ಕಾರ್ಬನ್, 12 ಹೈಡ್ರೋಜನ್, ಉದ್ದಕ್ಕೆ ಜೋಡಿಸಿದ್ರೆ ಕುದಿಯೋದು 36 ಡಿಗ್ರಿಗೆ. ಅದನ್ನೇ ಬಿಚ್ಚಿ ಒಂದು ಕಾರ್ಬನ್ ನಡುವೆ ಇಟ್ಟು ಉಳಿದ ನಾಲ್ಕನ್ನ ಸುತ್ತ ಹಾಕಿದ್ರೆ ನಿಯೋಪೆಂಟೇನ್, ಗುಂಡಗೆ, ಅದು 9.5ಕ್ಕೇ ಕುದಿಯುತ್ತೆ. ಉದ್ದದ್ದು ಪಕ್ಕದವನ ಮೈಗೆ ಮೈ ತಾಗಿಸಿ ಮಲಗುತ್ತೆ, ಗುಂಡಗಿರೋದಕ್ಕೆ ತಾಗೋ ಜಾಗ ಕಮ್ಮಿ, ಅಷ್ಟೇ ವಿಷಯ. ತಮಾಷೆ ಅಂದ್ರೆ ಕರಗೋದ್ರಲ್ಲಿ ಪೂರ್ತಿ ಉಲ್ಟಾ, ಉದ್ದದ್ದು ಮೈನಸ್ 130ಕ್ಕೆ ಕರಗಿದ್ರೆ ಗುಂಡಗಿರೋದು ಸುಮಾರು ಮೈನಸ್ 17ರ ತನಕ ಗಟ್ಟಿಯಾಗೇ ಇರುತ್ತೆ, ಯಾಕಂದ್ರೆ ಗುಂಡುಗಳನ್ನ ಸಾಲಾಗಿ ಪೇರಿಸೋದು ಸಲೀಸು.

ಕಿಟ್ ಸೋಲೋದು ಆ ತಾಗೋ ವಿಷಯದಲ್ಲೇ. ಎರಡು ಚೈನ್ ಪಕ್ಕಪಕ್ಕ ಇಟ್ರೆ ಎಳೆತ ಅನ್ನೋದೇ ಇಲ್ಲ, ನಿಜವಾದ ಅಣುಗಳಲ್ಲಿ ವ್ಯಾನ್ ಡರ್ ವಾಲ್ಸ್ ಎಳೆತ (ಅಕ್ಕಪಕ್ಕದ ಅಣುಗಳ ನಡುವಿನ ಸಣ್ಣ ಸೆಳೆತ) ಕಾರ್ಬನ್‌ಗೆ ಇಷ್ಟಿಷ್ಟು ಅಂತ ಕೂಡ್ತಾ ಹೋಗುತ್ತೆ, ಅದಕ್ಕೇ ಮೀಥೇನ್ ಮೈನಸ್ 161ಕ್ಕೆ ಕುದಿದ್ರೆ ಬ್ಯೂಟೇನ್ ಹೆಚ್ಚೂಕಮ್ಮಿ ಸೊನ್ನೆಗೆ, ನೊನೇನ್ 151ಕ್ಕೆ, 16 ಕಾರ್ಬನ್ ಆದ್ರೆ 18 ಡಿಗ್ರಿ ತನಕ ಗಟ್ಟಿ, 20ರಿಂದ 40ರ ಹತ್ತಿರ ಬಂದ್ರೆ ಮೇಣ, ಸಾವಿರಾರು ಆದ್ರೆ ಪಾಲಿಥೀನ್. ಪಾಲಿಥೀನ್‌ನಲ್ಲೂ ಪೆಂಟೇನ್ ಕಥೆನೇ, ಕವಲು ಜಾಸ್ತಿ ಇರೋ ಕಮ್ಮಿ ಸಾಂದ್ರತೆಯ ಪಾಲಿಥೀನ್, ಅಂದ್ರೆ ಎಲ್‌ಡಿಪಿಇ ಮೆತ್ತಗೆ ಬಾಗುತ್ತೆ, ಕವಲು ಕಮ್ಮಿ ಇರೋ ಹೆಚ್ಚು ಸಾಂದ್ರತೆಯ ಎಚ್‌ಡಿಪಿಇ ಒತ್ತೊತ್ತಾಗಿ ಕೂತು ಬಿರುಸಾಗುತ್ತೆ. ಒಂದಷ್ಟು ಪುಟಾಣಿ ಮ್ಯಾಗ್ನೆಟ್ ಹಾಕಿದ್ರೆ ಇದೆಲ್ಲ ಕೈಗೇ ಗೊತ್ತಾಗ್ತಿತ್ತು.

ಇನ್ನೊಂದು ಸಣ್ಣ ಕಿರಿಕಿರಿ, ಎಲ್ಲಾ ಕಡ್ಡಿನೂ ಒಂದೇ ಉದ್ದ. ಕಾರ್ಬನ್-ಕಾರ್ಬನ್ ಬಾಂಡ್ ಉದ್ದ 154 ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೋಮೀಟರ್), ಕಾರ್ಬನ್-ಹೈಡ್ರೋಜನ್ 109, ಇಲ್ಲಿ ಎರಡೂ ಸಮ, ಹಾಗಾಗಿ ಅಣು ಮುಳ್ಳುಹಂದಿ ಥರ ಕಾಣುತ್ತೆ. ಗುಂಡುಗಳು ಗಟ್ಟಿಮುಟ್ಟು, ಕಡ್ಡಿ ಕೀಳಕ್ಕೆ ಮಾತ್ರ ಉಗುರು ಹೋಗುತ್ತೆ.

ಸಾಲದೆ ಹೋದ ಆರು ಹೈಡ್ರೋಜನ್‌ನ ಮಗಳು ಜೇಡಿಮಣ್ಣಲ್ಲಿ ಉಂಡೆ ಮಾಡಿ 12 ಕಾರ್ಬನ್ ಇರೋ ಡೊಡೆಕೇನ್ ಮುಗಿಸಿದ್ಲು. ಒಂದು ತುದಿ ಹಿಡಿದು ಎತ್ತಿದ್ರೆ ನಡುವೆ ಜೋತು ಬಿದ್ದು ತಾನಾಗೇ ತಿರುಚ್ಕೊಳತ್ತೆ.