ನೆರೆ ನಕ್ಷೆಗೆ ಎಚ್‌ಡಿಎಕ್ಸ್: ಎರಡು ಮಳೆಗಾಲ ಬಳಸಿ ನೋಡಿದ ಮೇಲೆ

ನಮ್ಮದು ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ದಂಡೆಯ ಊರು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಪಂಚಾಯತಿ ಕಚೇರಿಯ ಗೋಡೆಗೆ ಒಂದು ನಕ್ಷೆ ಅಂಟಿಸುತ್ತೇವೆ. ಯಾವ ಕೇರಿಗೆ ಮೊದಲು ನೀರು ನುಗ್ಗುತ್ತದೆ, ಯಾವ ದಾರಿ ಮುಳುಗುತ್ತದೆ, ದೋಣಿ ಎಲ್ಲಿ ಕಟ್ಟಿರುತ್ತದೆ, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ಇಷ್ಟು ಅದರಲ್ಲಿ ಇರಬೇಕು. 2019ರ ಆಗಸ್ಟಿನ ನೆರೆ ಕಂಡವರಿಗೆ ಇದು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೊದಲೆಲ್ಲ ಡ್ರಾಯಿಂಗ್ ಶೀಟಿನ ಮೇಲೆ ಕೈಯಲ್ಲೇ ಬರೆಯುತ್ತಿದ್ದೆವು. ಎರಡು ವರ್ಷದಿಂದ ನಾನು ಎಚ್‌ಡಿಎಕ್ಸ್‌ನಿಂದ ಫೈಲು ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಮಾಡುತ್ತಿದ್ದೇನೆ. ನಾನು ಶುರು ಮಾಡುವಾಗ ಕನ್ನಡದಲ್ಲಿ ಏನಾದರೂ ಓದಲು ಸಿಕ್ಕಿದ್ದರೆ ಎಷ್ಟೋ ರಾತ್ರಿ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಚ್‌ಡಿಎಕ್ಸ್ ಅಂದರೆ ಹ್ಯುಮ್ಯಾನಿಟೇರಿಯನ್ ಡೇಟಾ ಎಕ್ಸ್‌ಚೇಂಜ್. ವಿಶ್ವಸಂಸ್ಥೆಯಲ್ಲಿ ತುರ್ತು ನೆರವಿನ ಕೆಲಸಗಳನ್ನು ಹೊಂದಿಸುವ ವಿಭಾಗ ಒಂದಿದೆ, ಓಚಾ ಅಂತ. ಅವರು 2014ರ ಜುಲೈನಲ್ಲಿ ಶುರು ಮಾಡಿದ್ದು ಇದು. ಇದನ್ನು ನೋಡಿಕೊಳ್ಳುವ ಕೇಂದ್ರ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿದೆ. ಭೂಕಂಪ, ನೆರೆ, ಯುದ್ಧ, ಏನೇ ಆದರೂ ಒಂದೇ ಜಾಗಕ್ಕೆ ಹತ್ತಾರು ಸಂಸ್ಥೆಗಳು ಓಡಿಬರುತ್ತವೆ. ಅಕ್ಕಿ ಹಂಚುವವರ ನಕ್ಷೆ ಒಂದು, ಔಷಧಿ ತರುವವರದ್ದು ಇನ್ನೊಂದು, ಟೆಂಟು ಹಾಕುವವರದ್ದು ಮತ್ತೊಂದು ಆದರೆ ಒಂದೇ ಊರಿಗೆ ಮೂರು ಲಾರಿ ಹೋಗಿ ಪಕ್ಕದ ಊರಿಗೆ ಒಂದೂ ಹೋಗದೆ ಉಳಿದುಬಿಡುತ್ತದೆ. ಹಾಗಾಗಬಾರದು ಅಂತ ಎಲ್ಲರೂ ತಮ್ಮ ಹತ್ತಿರ ಇರುವ ಮಾಹಿತಿ ತಂದು ಇಲ್ಲಿ ಇಡುತ್ತಾರೆ. ಜಿಲ್ಲೆಗಳ ಗಡಿ, ರಸ್ತೆ, ನದಿ, ಆಸ್ಪತ್ರೆ, ಜನಸಂಖ್ಯೆ, ಹೀಗೆ. ಅಲ್ಲಿರುವ ಹೆಚ್ಚಿನ ಫೈಲುಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ದುಡ್ಡಿಲ್ಲ, ಖಾತೆ ತೆರೆಯುವುದೂ ಬೇಡ.

ನಾನು ಮೊದಲು ತೆಗೆದದ್ದು ರಸ್ತೆ, ಹಳ್ಳ ಮತ್ತು ಮನೆಗಳ ಫೈಲು. ಇವು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬಂದವು, ಅದು ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ. ಹಾಟ್ ಅನ್ನುವ ಸ್ವಯಂಸೇವಕರ ಸಂಸ್ಥೆ ಅಲ್ಲಿಂದ ತೆಗೆದು ಇಲ್ಲಿ ಇಡುತ್ತದೆ. ಒಂದು ಎಚ್ಚರಿಕೆ: ಇಡೀ ಭಾರತದ ಫೈಲು ಇಳಿಸಲು ಹೋಗಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್ಟು ಎರಡೂ ಹೇಗಿರುತ್ತದೆ ಗೊತ್ತಲ್ವಾ, ಅದರಲ್ಲಿ ಅಷ್ಟು ದೊಡ್ಡ ಫೈಲು ಪೂರ್ತಿ ಬರುವುದೇ ಇಲ್ಲ, ಬಂದರೂ ಹಳೆ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಹಾಟ್‌ನವರದ್ದೇ ಎಕ್ಸ್‌ಪೋರ್ಟ್ ಟೂಲ್ ಅಂತ ಬೇರೆ ಇದೆ, ಅದರಲ್ಲಿ ನಿಮ್ಮ ಊರಿನ ಸುತ್ತ ಒಂದು ಚೌಕ ಎಳೆದರೆ ಅಷ್ಟೇ ಜಾಗದ ಮಾಹಿತಿ ಕೊಡುತ್ತದೆ. ನೋಡಲು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶ ಸಾಕು, ಅದೂ ಉಚಿತ.

ಇನ್ನು ನನಗೆ ಇದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸಿದ್ದು ಪಿ-ಕೋಡ್. ಹೊರಗಿಂದ ನೋಡಿದರೆ ಸುಮ್ನೆ ಒಂದು ಅಂಕಣ. ಪ್ರತಿ ಜಾಗಕ್ಕೂ ಒಂದು ಗುರುತು ಸಂಖ್ಯೆ, ಸಾಮಾನ್ಯವಾಗಿ ಮೊದಲು ದೇಶದ ಅಕ್ಷರ, ಆಮೇಲೆ ರಾಜ್ಯ, ಜಿಲ್ಲೆ ಅಂತ ಅಂಕಿ. ಇದರ ಬೆಲೆ ನನಗೆ ಗೊತ್ತಾದದ್ದು 2024ರ ಜುಲೈ 16ರ ನಂತರ. ಅವತ್ತು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು, ಮಣ್ಣೆಲ್ಲ ಗಂಗಾವಳಿಗೆ ಇಳಿದು ಎದುರು ದಂಡೆಯ ಉಳುವರೆಯ ಮನೆಗಳಿಗೂ ನೀರು ಎದ್ದು ನುಗ್ಗಿತು. ಮರುದಿನವೋ ಅದರ ಮರುದಿನವೋ ಪರಿಚಯದವರೊಬ್ಬರು ಫೋನಿಗೆ ಒಂದು ನಕ್ಷೆ ಕಳಿಸಿದರು, ಘಟನೆ ನಡೆದ ಜಾಗ ಅಂತ ಕೆಂಪು ಚುಕ್ಕೆ ಇಟ್ಟಿತ್ತು. ಚುಕ್ಕೆ ಇದ್ದದ್ದು ಬೈಂದೂರಿನ ಶಿರೂರಿನ ಮೇಲೆ. ಅದೂ ಶಿರೂರು, ಅದೂ ಹೆದ್ದಾರಿ 66ರ ಮೇಲೆಯೇ ಇದೆ. ಆದರೆ ಇಲ್ಲಿಂದ ಅಲ್ಲಿಗೆ ಕುಮಟಾ, ಹೊನ್ನಾವರ, ಭಟ್ಕಳ ಎಲ್ಲ ದಾಟಿ ಹೋಗಬೇಕು, ಜಿಲ್ಲೆಯೇ ಬೇರೆ. ಅದನ್ನು ಮಾಡಿದವರು ಯಾರು ಅಂತ ಹೇಳುವುದಿಲ್ಲ, ಸಹಾಯ ಮಾಡಬೇಕು ಅಂತಲೇ ಮಾಡಿದ್ದು. ಹೆಸರು ನೋಡಿ ಹುಡುಕಿದ್ದಾರೆ, ಮೊದಲು ಸಿಕ್ಕ ಶಿರೂರಿಗೆ ಚುಕ್ಕೆ ಇಟ್ಟಿದ್ದಾರೆ. ಹೆಸರಿನ ಜೊತೆ ಸಂಖ್ಯೆ ಇದ್ದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ನಮ್ಮವರೆಲ್ಲ ನದಿ ದಂಡೆಯಲ್ಲಿ ನಿಂತಿದ್ದ ಹೊತ್ತಿನಲ್ಲಿ ಆ ಚುಕ್ಕೆ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಹೆಸರಿನ ಗೊಂದಲ ಅದೊಂದೇ ಅಲ್ಲ. ಹೊನ್ನಾವರಕ್ಕೆ ಇಂಗ್ಲಿಷಿನಲ್ಲಿ ಒಬ್ಬರು ಒಂದು ಎನ್ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಜೊಯಿಡಾ 2011ರ ಜನಗಣತಿಯಲ್ಲಿ ಸೂಪಾ ಅಂತಲೇ ಇದೆ. ಎರಡು ಸಂಸ್ಥೆಗಳ ಪಟ್ಟಿ ತಂದು ಜೋಡಿಸಲು ಹೋದರೆ ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಊರು. ನಮ್ಮ ದೇಶದಲ್ಲಿ ಇಂಥ ಸಂಖ್ಯೆಗಳು ಇಲ್ಲ ಅಂತಲ್ಲ, ಜನಗಣತಿಯಲ್ಲಿ ಕರ್ನಾಟಕ 29, ಉತ್ತರ ಕನ್ನಡ 563, ಪ್ರತಿ ಪಂಚಾಯತಿಗೂ ಎಲ್‌ಜಿಡಿ ಕೋಡ್ ಅಂತ ಸರ್ಕಾರದ ಗುರುತು ಸಂಖ್ಯೆ ಇದೆ, ನಿಮ್ಮ ಪಿಡಿಒ ಹತ್ತಿರ ಕೇಳಿ ನೋಡಿ. ನಾನು ಈಗ ಯಾವ ಪಟ್ಟಿ ಮಾಡಿದರೂ ಊರ ಹೆಸರಿನ ಪಕ್ಕ ಆ ಸಂಖ್ಯೆ ಬರೆದೇ ಮುಂದಕ್ಕೆ ಹೋಗುತ್ತೇನೆ.

ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ, ಯಾರಿಗಾದರೂ ಉಪಯೋಗ ಆದೀತು. ತಾಲೂಕು ಗಡಿಯ ಯಾವ ಫೈಲು ತೆರೆದರೂ ಮೊದಲು ದಾಂಡೇಲಿ ನೋಡುತ್ತೇನೆ. ದಾಂಡೇಲಿ ಬೇರೆ ತಾಲೂಕಾಗಿ ತೋರಿಸಿದರೆ ಜಿಲ್ಲೆಯಲ್ಲಿ 12 ತಾಲೂಕು, ಮಾಹಿತಿ ಹೊಸದು. ಹಳಿಯಾಳದ ಒಳಗೇ ಇದ್ದರೆ 11, ಅಂದರೆ 2011ರ ಜನಗಣತಿ ಕಾಲದ ಗಡಿ. ಎಚ್‌ಡಿಎಕ್ಸ್‌ನಲ್ಲಿ ಪ್ರತಿ ಫೈಲಿನ ಪುಟದಲ್ಲೂ ಮೂಲ ಯಾವುದು, ಯಾವ ಕಾಲದ್ದು, ಕೊನೆಗೆ ಬದಲಾದದ್ದು ಯಾವಾಗ, ಹೇಗೆ ಮಾಡಿದ್ದು, ಎಚ್ಚರಿಕೆ ಏನಾದರೂ ಇದೆಯಾ ಅಂತ ಬರೆದಿರುತ್ತಾರೆ. ದಯವಿಟ್ಟು ಅದನ್ನು ಓದಿ. ಜನಸಂಖ್ಯೆಯ ಪದರಗಳಿಗಂತೂ ಇದು ಬೇಕೇ ಬೇಕು. ವರ್ಲ್ಡ್‌ಪಾಪ್‌ನವರು ನೂರು ಮೀಟರ್ ಚೌಕಕ್ಕೆ ಇಷ್ಟು ಜನ ಅಂತ ಕೊಡುತ್ತಾರೆ, ಅದು ಲೆಕ್ಕ ಹಾಕಿ ಮಾಡಿದ ಅಂದಾಜು. ಜಿಲ್ಲೆ ಮಟ್ಟಕ್ಕೆ ಚೆನ್ನ. ಒಂದು ಕೇರಿಯಲ್ಲಿ ಎಷ್ಟು ಮನೆ ಖಾಲಿ ಮಾಡಿಸಬೇಕು ಅನ್ನುವುದಕ್ಕೆ ಆಶಾ ಕಾರ್ಯಕರ್ತೆಯ ಪುಸ್ತಕವೇ ಗತಿ.

ಈ ಹಾಟ್ ಅನ್ನುವುದು ಹುಟ್ಟಿದ ಕತೆಯೂ ಹೇಳಬೇಕು. 2010ರ ಜನವರಿ 12ಕ್ಕೆ ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿಗೇ ಸರಿಯಾದ ನಕ್ಷೆ ಇರಲಿಲ್ಲ. ಬೇರೆ ಬೇರೆ ದೇಶದ ಜನ ಮನೆಯಲ್ಲೇ ಕೂತು ಉಪಗ್ರಹ ಚಿತ್ರ ನೋಡಿ ಒಂದೊಂದೇ ರಸ್ತೆ ಎಳೆದರು, ನೆರವಿಗೆ ಹೋದವರು ಅದನ್ನೇ ಹಿಡಿದು ಓಡಾಡಿದರು. ಆ ಕೆಲಸದಿಂದಲೇ ಹಾಟ್ ಹುಟ್ಟಿತು. 2015ರಲ್ಲಿ ನೇಪಾಳದಲ್ಲೂ ಹಾಗೇ. ನಮ್ಮ ಊರಿನ ಎಷ್ಟೋ ದಾರಿ, ಮನೆಗಳನ್ನೂ ಹೀಗೇ ಯಾರೋ ಎಲ್ಲೋ ಕೂತು ಎಳೆದಿಟ್ಟಿದ್ದಾರೆ. ಅವರು ನಮ್ಮ ಊರು ನೋಡಿದವರಲ್ಲ. ಮೊದಲ ಸಲ ಫೈಲು ತೆರೆದು, ನಮ್ಮ ಮನೆ ಹಿಂದಿನ ಗದ್ದೆ ಬದುವಿನ ದಾರಿಯೂ ಅದರಲ್ಲಿ ಇರುವುದನ್ನು ಕಂಡಾಗ ನನಗೆ ಬಹಳ ಖುಷಿಯಾಯಿತು, ಆ ಪುಣ್ಯಾತ್ಮರು ಎಲ್ಲಿದ್ದರೂ ಚೆನ್ನಾಗಿರಲಿ.

ಆದರೆ ಉಪಗ್ರಹಕ್ಕೆ ಕಾಣದ್ದು ಇದ್ದೇ ಇರುತ್ತದೆ. ಮೊದಲ ವರ್ಷ ಕರಡು ಪ್ರಿಂಟ್ ತೆಗೆದು ಪಂಚಾಯತಿಯ ಮೇಜಿನ ಮೇಲೆ ಹರಡಿದ್ದೆ. ಪಿಂಚಣಿ ಕೆಲಸಕ್ಕೆ ಬಂದಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು ಇದೇನು ಅಂತ ಕೇಳಿದರು. ಶಾಲೆ ಇಲ್ಲಿ, ದೇವಸ್ಥಾನ ಇಲ್ಲಿ ಅಂತ ತೋರಿಸಿದೆ. ಅಲ್ಲಿಂದ ಬೆರಳಿಟ್ಟುಕೊಂಡು ತಮ್ಮ ಮನೆ ಕಡೆ ಹೊರಟರು, ಹಳ್ಳದ ಹತ್ತಿರ ಬೆರಳು ನಿಂತಿತು.

"ತಂಗೀ, ಈ ಸಂಕ ಹೋಗಿ ಎರಡು ಮಳೆಗಾಲ ಆಯ್ತಲ್ಲೇ."

"ಹೌದಾ ಅಜ್ಜಿ? ಮತ್ತೆ ಈಗ ಹೇಗೆ ಬರುತ್ತೀರಿ?"

"ಸುತ್ತು ಹಾಕಿ ಬರೂದು, ಮತ್ತೇನ್ ಮಾಡೂದು."

ಅಡಿಕೆ ಮರದ ಕಾಲುಸಂಕ ಅದು. ನಕ್ಷೆಯಲ್ಲಿ ಗಟ್ಟಿ ದಾರಿ ಹಾಗೆ ಹಳ್ಳ ದಾಟಿ ಹೋಗಿತ್ತು. ನೆರೆ ಬಂದ ರಾತ್ರಿ ಹೊರಗಿನಿಂದ ಬಂದ ರಕ್ಷಣಾ ತಂಡ ಅದನ್ನು ನಂಬಿ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನನಗೆ ಆ ದಿನ ಊಟ ಸೇರಲಿಲ್ಲ. ಸಂಜೆಯೇ ಹೋಗಿ ನೋಡಿಕೊಂಡು ಬಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದನ್ನು ತೆಗೆದೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಒಂದು ಖಾತೆ ತೆರೆದರೆ ಆಯಿತು. ಊರಿನ ಹೆಸರು ಕನ್ನಡದಲ್ಲಿ ಬರೆಯಲೂ ಅಲ್ಲಿ ಜಾಗ ಇದೆ. ಇಂಗ್ಲಿಷಿನಲ್ಲಿ ಕೆಟ್ಟುಹೋಗಿದ್ದ ಎಂಟು ಕೇರಿಗಳ ಹೆಸರು ಕನ್ನಡದಲ್ಲಿ ಸೇರಿಸಿದೆ.

ಗಜನಿ ವಿಷಯದಲ್ಲೂ ಇದೇ ಕತೆ. ಒಂದು ದೊಡ್ಡ ಸಂಸ್ಥೆಯ ಭೂಬಳಕೆ ಪದರ ಹಾಕಿ ನೋಡಿದೆ, ಅಘನಾಶಿನಿ ದಂಡೆಯ ಗಜನಿ ಗದ್ದೆಗಳೆಲ್ಲ ಅದರಲ್ಲಿ ನೀರು ಅಂತ ನೀಲಿ ಬಣ್ಣದಲ್ಲಿ ಬಂದಿದ್ದವು. ಕುಮಟಾ ಕಡೆಯವರಿಗೆ ಗೊತ್ತು, ಮಳೆಗಾಲದಲ್ಲಿ ಉಪ್ಪು ಇಳಿದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬರುತ್ತದೆ, ಮೀನು, ಸಿಗಡಿ ಆಗುತ್ತದೆ. ನೀರಿರುವ ತಿಂಗಳ ಚಿತ್ರ ನೋಡಿ ನೀರು ಅಂತ ಬರೆದರೆ ಕಟ್ಟೆ ಒಡೆದು ಬೆಳೆ ಹೋದಾಗ ಹಾನಿಯ ಲೆಕ್ಕಕ್ಕೇ ಅದು ಬರುವುದಿಲ್ಲ. ರೈತನ ಹೊಟ್ಟೆಯ ಪ್ರಶ್ನೆ ಇದು, ಬಣ್ಣದ ಪ್ರಶ್ನೆ ಅಲ್ಲ.

ನೆರೆ ಬಂದಾಗ ಈಗಿಂದೀಗ ಎಲ್ಲಿ ನೀರು ನಿಂತಿದೆ ಅಂತ ಎಚ್‌ಡಿಎಕ್ಸ್‌ನಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ದೊಡ್ಡ ಅನಾಹುತಗಳಿಗೆ ವಿಶ್ವಸಂಸ್ಥೆಯ ಉಪಗ್ರಹ ಕೇಂದ್ರವಾದ ಯುನೋಸ್ಯಾಟ್‌ನವರು ಮಾಡಿದ ನೆರೆ ನಕ್ಷೆಗಳು ಅಲ್ಲಿ ಬರುತ್ತವೆ, ನಮ್ಮ ಹಳ್ಳಕ್ಕೆ ಯಾರೂ ಮಾಡುವುದಿಲ್ಲ. ಜುಲೈನಲ್ಲಿ ನಮ್ಮ ಘಟ್ಟದ ಮೇಲೆ ಮೋಡ ಸರಿಯುವುದೇ ಇಲ್ಲವಲ್ಲ, ಮಾಮೂಲಿ ಉಪಗ್ರಹ ಚಿತ್ರ ಬರೀ ಬೆಳ್ಳಗೆ ಬರುತ್ತದೆ. ಮೋಡದ ಕೆಳಗೂ ನೋಡುವುದು ರೇಡಾರ್ ಉಪಗ್ರಹ, ಯುರೋಪಿನವರ ಸೆಂಟಿನೆಲ್-1 ಚಿತ್ರಗಳು ಎಲ್ಲರಿಗೂ ಉಚಿತ, ಬೇಕಾದವರು ಕೋಪರ್ನಿಕಸ್ ಬ್ರೌಸರ್‌ನಲ್ಲಿ ನೋಡಬಹುದು. ಬಾಹ್ಯಾಕಾಶ ಸಂಸ್ಥೆಗಳು ಅನಾಹುತದ ಹೊತ್ತಿನಲ್ಲಿ ಚಿತ್ರ ಹಂಚಿಕೊಳ್ಳುವ ಅಂತಾರಾಷ್ಟ್ರೀಯ ಒಪ್ಪಂದವೂ 2000ದಿಂದ ನಡೆಯುತ್ತಿದೆ, ಇಸ್ರೋ 2001ರಲ್ಲಿ ಸೇರಿತು. ಆದರೆ ಅದನ್ನು ಕೇಳುವ ಅಧಿಕಾರ ಗೊತ್ತುಮಾಡಿದ ಸಂಸ್ಥೆಗಳಿಗೆ ಮಾತ್ರ.

ಇನ್ನು ಕೊರತೆಗಳು. ಪುಟ ಎಲ್ಲ ಇಂಗ್ಲಿಷಿನಲ್ಲಿದೆ, ಮೊಬೈಲಿನಲ್ಲಿ ಕೆಲಸ ಮಾಡುವುದು ಕಷ್ಟ. ಯುದ್ಧ, ಬರ ಇರುವ ದೇಶಗಳಿಗೆ ಇರುವಷ್ಟು ಮಾಹಿತಿ ಭಾರತಕ್ಕೆ ಇಲ್ಲ, ಅದು ಸಹಜವೇ. ದೇಶದ ಗಡಿ ಇರುವ ನಕ್ಷೆ ಅಚ್ಚು ಹಾಕುವುದಾದರೆ ಗಡಿಯನ್ನು ಸರ್ವೇ ಆಫ್ ಇಂಡಿಯಾದಿಂದಲೇ ತೆಗೆದುಕೊಳ್ಳಿ, ಹೊರಗಿನ ಫೈಲುಗಳಲ್ಲಿ ಅದು ಬೇರೆ ಥರ ಇರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸಿದರೆ ಅವರ ಹೆಸರು ನಕ್ಷೆಯ ಮೂಲೆಯಲ್ಲಿ ಹಾಕಲೇಬೇಕು, ಅದು ನಿಯಮ. ಇಷ್ಟೆಲ್ಲ ಸೇರಿಸಿ 5ಕ್ಕೆ 4 ಕೊಡುತ್ತೇನೆ, ಪಿ-ಕೋಡ್ ಒಂದಕ್ಕೇ ಆದರೆ 5ಕ್ಕೆ 5. ಶಿರಸಿ, ಸಿದ್ದಾಪುರ ಕಡೆ ಧರೆ ಕುಸಿಯುವ ಜಾಗ ಗುರುತು ಮಾಡುವವರು ಇದ್ದರೆ ಖಂಡಿತ ಬಳಸಿ, ಎಲ್ಲಾದರೂ ಸಿಕ್ಕಿಕೊಂಡರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಎರಡನೇ ವರ್ಷ ಮೇ ತಿಂಗಳಲ್ಲಿ ಮತ್ತೆ ಫೈಲು ಇಳಿಸಿಕೊಂಡಾಗ ಮೊದಲು ಆ ಹಳ್ಳವನ್ನೇ ಹುಡುಕಿದೆ. ಸಂಕ ಇರಲಿಲ್ಲ, ದಾರಿ ದಂಡೆಗೆ ಬಂದು ನಿಂತಿತ್ತು. ಈಗ ಅಲ್ಲಿ ಕಾಂಕ್ರೀಟಿನದ್ದು ಕಟ್ಟುತ್ತಿದ್ದಾರೆ, ಎರಡೂ ಬದಿ ಕಲ್ಲು ಎದ್ದಿದೆ, ಮೇಲಿನ ಹಲಗೆ ಇನ್ನೂ ಬಿದ್ದಿಲ್ಲ. ಅಜ್ಜಿ ದಾಟಿ ಬಂದ ದಿನ ನಕ್ಷೆಗೆ ಸೇರಿಸುತ್ತೇನೆ.